ಆತ್ಮರಕ್ಷಣೆಯ ವಿದ್ಯೆ: ಗ್ರಂಥದಿಂದಲೋ, ಗುರುವಿನಿಂದಲೋ?

ಬಸ್ ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ಪಂಚಾಂಗ, ಅಡುಗೆಯ ಪುಸ್ತಕ, ಕೆಲವೇ ದಿನಗಳಲ್ಲಿ ಇಂಗ್ಲಿಷ್ ಕಲಿಸುವ ಕೈಪಿಡಿ ಇವುಗಳ ಸಾಲಿನಲ್ಲಿಯೇ, ಕರಾಟೆ, ಜೂಡೋ, ಕುಸ್ತಿಗಳನ್ನು ಮನೆಯಲ್ಲಿದ್ದುಕೊಂಡೇ ಕಲಿಯಬಹುದೆಂದು ಸಾರುವ ತೆಳುವಾದ ಪುಸ್ತಕಗಳನ್ನು ತಾವು ಕಂಡಿರಬಹುದು. ಈಗ ಆ ಪುಸ್ತಕದ ಸ್ಥಾನವನ್ನು ಬಹುಮಟ್ಟಿಗೆ ಮೊಬೈಲಿನ ಪರದೆ ಆಕ್ರಮಿಸಿಕೊಂಡಿದೆಯಾದರೂ ಪ್ರಶ್ನೆಯು ಮಾತ್ರ ಹಾಗೆಯೇ ಉಳಿದಿದೆ. ತನ್ನ ದೇಹವನ್ನೂ ತನ್ನನ್ನು ನಂಬಿದವರನ್ನೂ ಕಾಪಾಡಿಕೊಳ್ಳುವ ವಿದ್ಯೆಯು ಓದಿನಿಂದ ಬರತಕ್ಕದ್ದೇ? ಅಥವಾ ಬಲ್ಲವನೊಬ್ಬನ ಕೈಕೆಳಗೆ ನಿಂತು, ಬಿದ್ದು, ಎದ್ದು, ತಿದ್ದಿಸಿಕೊಂಡೇ ಬರತಕ್ಕದ್ದೇ?

ಮಠದ ಪತ್ರಿಕೆಯಲ್ಲಿ ಈ ಚರ್ಚೆ ಏಕೆಂದು ತಾವು ಕೇಳಬಹುದು. ಅಷ್ಟಾವರಣಗಳಲ್ಲಿ ಗುರುವಿಗೇ ಪ್ರಥಮ ಸ್ಥಾನವನ್ನಿತ್ತ ಸಮಾಜ ನಮ್ಮದು. ಆವರಣವೆಂದರೆ ಹೊದಿಕೆ, ರಕ್ಷೆ. ರಕ್ಷೆಗಳ ಪೈಕಿ ಮೊದಲನೆಯದು ಗುರುವೆಂದು ಹೇಳುವವರು ದೇಹರಕ್ಷೆಯ ವಿಷಯದಲ್ಲಿ ಗುರು ಬೇಕೋ ಬೇಡವೋ ಎಂಬುದನ್ನು ಒಮ್ಮೆ ನೆಟ್ಟಗೆ ಆಲೋಚಿಸಬೇಕು. ಅಲ್ಲದೆ ಇದನ್ನು ಓದುತ್ತಿರುವ ತಮ್ಮಲ್ಲಿ ಅನೇಕರು ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿದವರು. ತಮ್ಮಲ್ಲಿ ಹಿರಿಯರಾದವರು ಬೆಳಗಿನ ಜಾವದಲ್ಲಿ ಎದ್ದು ದಂಡ ಬಸ್ಕಿ ಹೊಡೆದವರೂ, ತಾಲೀಮು ಮನೆಯ ಕೆಂಪು ಮಣ್ಣನ್ನು ಮೈಗೆ ತೀಡಿಕೊಂಡವರೂ ಆಗಿರಬಹುದು. ಈಗ ತಮ್ಮ ಮೊಮ್ಮಕ್ಕಳು, ಅದರಲ್ಲಿಯೂ ದೂರದ ಊರುಗಳಲ್ಲಿ ಓದುತ್ತಿರುವ ಹೆಣ್ಣುಮಕ್ಕಳು, ಇದೇ ಪ್ರಶ್ನೆಯನ್ನು ತಮ್ಮೆದುರಿಗೆ ತರುತ್ತಾರೆ. ಅವರಿಗೆ ಪುಸ್ತಕ ತೆಗೆಸಿಕೊಟ್ಟರೆ ಸಾಕೇ?

ನಮ್ಮ ನಾಡಿನಲ್ಲಿ ಈ ವಿಷಯವನ್ನು ಗ್ರಂಥಸ್ಥಗೊಳಿಸುವ ಯತ್ನ ಇಂದಿನದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ಅಡುಗೆ, ಆನೆ, ಸಂಗೀತ, ಚಿತ್ರಕಲೆಗಳ ಜೊತೆಯಲ್ಲಿ ಮಲ್ಲವಿನೋದಕ್ಕೂ ಅಲ್ಲಿ ಸ್ಥಳವಿದೆ. ಮಲ್ಲರ ದರ್ಜೆಗಳು, ಅವರ ಆಹಾರ, ವ್ಯಾಯಾಮ, ಪಟ್ಟುಗಳು ಎಲ್ಲವನ್ನೂ ಅರಸನು ಪ್ರಸ್ತಾಪಿಸಿದ್ದಾನೆ. 'ಭೂಲೋಕಮಲ್ಲ'ನೆಂಬ ಬಿರುದನ್ನು ಹೊತ್ತವನಿಗೆ ಇದು ತಕ್ಕದ್ದೇ. ಬಸವಣ್ಣನವರು ಕಲ್ಯಾಣಕ್ಕೆ ಬರುವುದಕ್ಕೆ ಕೆಲವು ದಶಕಗಳ ಹಿಂದೆ ಆ ಪಟ್ಟಣದಲ್ಲಿಯೇ ಇಂತಹದೊಂದು ಗ್ರಂಥ ಹುಟ್ಟಿತ್ತೆಂಬುದನ್ನು ನೆನೆದರೆ ಸೋಜಿಗವಾಗುತ್ತದೆ.

ಆದರೆ ಆ ಅಧ್ಯಾಯವನ್ನು ಓದಿ ಇಂದು ಯಾರಾದರೂ ಮಲ್ಲನಾಗಬಲ್ಲನೇ? ಪಟ್ಟಿನ ಹೆಸರು ಉಳಿದಿದೆ. ಆ ಹೆಸರನ್ನು ಕೇಳಿದೊಡನೆ ತಾನಾಗಿ ತಿರುಗುತ್ತಿದ್ದ ಸೊಂಟ, ಜಾರುತ್ತಿದ್ದ ಕಾಲು ಉಳಿದಿಲ್ಲ. ಬಲ್ಲವನಿಗೆ ಹೆಸರೊಂದೇ ಸಾಕಾಗುತ್ತಿತ್ತು, ಆದುದರಿಂದ ಬರೆದವನು ಹೆಸರನ್ನಷ್ಟೇ ಬರೆದನು. ಬಲ್ಲವರ ಸಾಲು ಕಡಿದುಹೋದ ಮೇಲೆ ಬರಹವು ಬೀಗವಾಗಿ ಉಳಿಯಿತು, ಕೀಲಿಕೈ ಮಣ್ಣುಪಾಲಾಯಿತು.

ಇದರ ಕಾರಣವನ್ನು ಸ್ವಲ್ಪ ಬಿಡಿಸಿ ನೋಡೋಣ. ಎಲ್ಲ ಕೈಪಿಡಿಗಳಲ್ಲಿಯೂ ಮೊದಲ ಪಾಠವಾಗಿ ಬರುವ ಒಂದು ಉಪಾಯವಿದೆ. ಎದುರಾಳಿಯು ನಿಮ್ಮ ಮಣಿಕಟ್ಟನ್ನು ಹಿಡಿದಾಗ ಅವನ ನಾಲ್ಕು ಬೆರಳುಗಳು ಒಂದು ಕಡೆ, ಹೆಬ್ಬೆರಳೊಂದೇ ಇನ್ನೊಂದು ಕಡೆ ಇರುತ್ತವೆ. ಹಿಡಿತವು ದುರ್ಬಲವಾಗಿರುವುದು ಹೆಬ್ಬೆರಳು ಇತರ ಬೆರಳುಗಳನ್ನು ಸಂಧಿಸುವ ಸಂದಿನಲ್ಲಿ. ಮುಂಗೈಯನ್ನು ಆ ಸಂದಿಗೆ ಅಂಚಾಗಿ ತಿರುಗಿಸಿ, ಮೊಳಕೈ ಮಡಿಸಿ ಸೆಳೆದುಕೊಂಡರೆ ಕೈ ಬಿಡುಗಡೆಯಾಗುತ್ತದೆ. ಇಷ್ಟೂ ಸತ್ಯವೇ. ಪುಸ್ತಕವು ಸುಳ್ಳು ಹೇಳಿಲ್ಲ. ತಾವು ಈಗಲೇ ಮನೆಯಲ್ಲಿ ತಮ್ಮನ ಕೈಗೆ ಮಣಿಕಟ್ಟನ್ನು ಕೊಟ್ಟು ನೋಡಿದರೆ ಸರಾಗವಾಗಿ ಬಿಡಿಸಿಕೊಳ್ಳಬಹುದು. ಬಿಡಿಸಿಕೊಂಡು ವಿದ್ಯೆ ಕೈವಶವಾಯಿತೆಂದು ಸಂತೋಷಪಡಲೂಬಹುದು.

ತಮ್ಮನು ಒಲಿದು ಹಿಡಿದವನು. ಯಾವಾಗ ಬಿಡಬೇಕೆಂದು ಅವನಿಗೆ ಗೊತ್ತು, ಯಾವಾಗ ತಿರುಗಿಸಬೇಕೆಂದು ನಿಮಗೆ ಗೊತ್ತು. ಕತ್ತಲೆಯಲ್ಲಿ ಅಪರಿಚಿತನೊಬ್ಬನು ಹಿಂದಿನಿಂದ ಬಂದು ಹಿಡಿದಾಗ ಆಗುವುದೇ ಬೇರೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ದೃಷ್ಟಿ ಕಿರಿದಾಗುತ್ತದೆ, ಬೆರಳುಗಳ ಸೂಕ್ಷ್ಮ ಚಲನೆ ತಪ್ಪಿಹೋಗುತ್ತದೆ. ದೇಹವು ತನ್ನ ಹುಟ್ಟುಗುಣದಂತೆ ನೇರವಾಗಿ ಹಿಂದಕ್ಕೆ ಜಗ್ಗುತ್ತದೆ. ಜಗ್ಗಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಆ ಹೊತ್ತಿನಲ್ಲಿ ಪುಸ್ತಕದ ಪುಟವನ್ನು ನೆನಪಿಗೆ ತಂದುಕೊಳ್ಳುವಷ್ಟು ವ್ಯವಧಾನ ಯಾರಿಗಿರುತ್ತದೆ? ಓದಿದ್ದು ಬುದ್ಧಿಯಲ್ಲಿ ಇರುತ್ತದೆ. ಬೇಕಾಗುವುದು ಮಾತ್ರ ಬುದ್ಧಿಯ ಅಪ್ಪಣೆಗಾಗಿ ಕಾಯದ ಕೈ. ಆಂಗ್ಲ ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್ ಎಂಬಾತನು 1949ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, 'ಹೀಗಿದೆ' ಎಂದು ತಿಳಿಯುವುದು ಬೇರೆ, 'ಹೀಗೆ ಮಾಡುವುದು' ಎಂಬುದನ್ನು ಬಲ್ಲವನಾಗುವುದು ಬೇರೆ ಎಂದು ವಿಂಗಡಿಸಿದ್ದಾನೆ. ನಮ್ಮ ಗರಡಿಯ ವಸ್ತಾದರಿಗೆ ಈ ವಿಂಗಡಣೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪುಟದ ಮೇಲಿನ ಚಿತ್ರವು ಪಟ್ಟಿನ ಆರಂಭವನ್ನು ತೋರಿಸುತ್ತದೆ, ಅಂತ್ಯವನ್ನು ತೋರಿಸುತ್ತದೆ. ವಿದ್ಯೆಯು ಇರುವುದು ಇವೆರಡರ ನಡುವೆ. ಎದುರಾಳಿಯ ಭಾರ ಯಾವ ಕಾಲಿನ ಮೇಲಿದೆ, ಅವನು ಯಾವ ಕ್ಷಣದಲ್ಲಿ ಉಸಿರೆಳೆದುಕೊಂಡ, ತಳ್ಳುತ್ತಿರುವವನು ಯಾವಾಗ ಎಳೆಯಲಾರಂಭಿಸಿದ ಎಂಬುದನ್ನು ಚರ್ಮದಿಂದಲೇ ಅರಿಯಬೇಕು. ಈ ಅರಿವು ಇನ್ನೊಂದು ದೇಹದ ಸಂಪರ್ಕವಿಲ್ಲದೆ ಹುಟ್ಟುವುದಿಲ್ಲ. ಗುರುವಾದವನು ಜೊತೆಗಾರನ ವಿರೋಧವನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋಗುತ್ತಾನೆ. ಮೊದಲು ಬೀಳುವುದನ್ನು ಕಲಿಸುತ್ತಾನೆ. ಗದ್ದವನ್ನು ಎದೆಗೊತ್ತಿಕೊಂಡು, ತಲೆ ನೆಲಕ್ಕೆ ಬಡಿಯದಂತೆ ಬೀಳುವುದನ್ನು ಕಲಿಯದವನನ್ನು ಎಸೆಯಲು ಬಿಡುವುದಿಲ್ಲ. ಪುಸ್ತಕವನ್ನು ನೋಡಿ ಮನೆಯ ಕಲ್ಲುಹಾಸಿನ ಮೇಲೆ ಗೆಳೆಯನನ್ನು ಎತ್ತಿ ಒಗೆದವರಿಗೆ ಆಗುವ ಅನಾಹುತವನ್ನು ನಾನು ವರ್ಣಿಸಬೇಕಾಗಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಗ್ರಂಥವು ನಿರುಪಯುಕ್ತವೆಂದು ತೀರ್ಮಾನಿಸುವವರು ಜಪಾನಿನ ಜಿಗೋರೋ ಕಾನೋ ಅವರ ಚರಿತ್ರೆಯನ್ನು ತಿಳಿಯಬೇಕು. 1860ರಲ್ಲಿ ಹುಟ್ಟಿ 1938ರಲ್ಲಿ ತೀರಿಕೊಂಡ ಈ ಮಹನೀಯರು ಜೂಡೋ ವಿದ್ಯೆಯ ಸ್ಥಾಪಕರು. ಬಾಲ್ಯದಲ್ಲಿ ಕೃಶಶರೀರಿ; ಬಲಿಷ್ಠರಾದ ಸಹಪಾಠಿಗಳ ಉಪಟಳವನ್ನು ಸಹಿಸಲಾರದೆ ಜುಜುತ್ಸು ಕಲಿಯುವ ಹಟ ತೊಟ್ಟರು. 1877ರಲ್ಲಿ ಅವರಿಗೆ ಹಾಚಿನೋಸುಕೆ ಫುಕುದಾ ಎಂಬ ಗುರು ದೊರೆತರು. ಒಂದು ದಿನ ಗುರುವು ತಮ್ಮನ್ನು ಎಸೆದ ಬಗೆಯನ್ನು ಕಂಡು, ಕೈಯನ್ನು ಹೇಗಿಡಬೇಕು, ಕಾಲನ್ನು ಎಲ್ಲಿಡಬೇಕು ಎಂದು ಕಾನೋ ಕೇಳಿದರಂತೆ. ಗುರುವು ಉತ್ತರ ಹೇಳಲಿಲ್ಲ. ಹತ್ತಿರ ಕರೆದು ಮತ್ತೊಮ್ಮೆ ಎಸೆದರು. ಮತ್ತೆ ಕೇಳಿದಾಗ ಮತ್ತೆ ಎಸೆದರು. ಎಸೆಸಿಕೊಳ್ಳುತ್ತ ಎಸೆಸಿಕೊಳ್ಳುತ್ತ ತಿಳಿಯುತ್ತದೆಂಬುದು ಅವರ ಬೋಧನಾಕ್ರಮ. ಕಾನೋ ಅವರೇ ಮುಂದೆ ಈ ಪ್ರಸಂಗವನ್ನು ಹೇಳಿಕೊಂಡಿದ್ದಾರೆ.

1879ರಲ್ಲಿ ಫುಕುದಾ ತೀರಿಕೊಂಡರು. ಆ ಪರಂಪರೆಯ ರಹಸ್ಯಗಳನ್ನು ಬರೆದಿಟ್ಟಿದ್ದ ಸುರುಳಿಗಳು ಶಿಷ್ಯನಾದ ಕಾನೋ ಅವರ ಕೈಸೇರಿದವು. ಗಮನಿಸಿ: ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕುಶಾಗ್ರಮತಿ, ಕೈಯಲ್ಲಿ ಸಂಪ್ರದಾಯದ ಮೂಲಗ್ರಂಥಗಳು. ಬೇರೆ ಯಾರಾದರೂ ಆಗಿದ್ದರೆ ಇನ್ನು ಓದಿಕೊಂಡೇ ಮುಂದುವರಿಯಬಹುದೆಂದು ಭಾವಿಸುತ್ತಿದ್ದರು. ಕಾನೋ ಹಾಗೆ ಮಾಡದೆ ಇನ್ನೊಬ್ಬ ಗುರುವನ್ನು ಅರಸಿ ಮಸಾತೊಮೊ ಇಸೋ ಅವರ ಬಳಿಗೆ ಹೋದರು; ಅವರೂ ಅಳಿದ ಮೇಲೆ ಮೂರನೆಯ ಗುರುವಾಗಿ ಈಕುಬೋ ಅವರನ್ನು ಆಶ್ರಯಿಸಿದರು. ಸುರುಳಿಗಳಿದ್ದೂ ಗುರು ಬೇಕಾಯಿತು.

ಆದರೂ ಇದೇ ಕಾನೋ ಪುಸ್ತಕದಿಂದ ಒಂದು ಪಟ್ಟನ್ನು ಪಡೆದರು. ಅವರ ಜೊತೆಯಲ್ಲಿ ಅಭ್ಯಾಸ ಮಾಡುತ್ತಿದ್ದ ದೈತ್ಯದೇಹಿಯೊಬ್ಬನನ್ನು ಕೆಡಹುವುದು ಅವರಿಂದ ಆಗುತ್ತಿರಲಿಲ್ಲ. ಸುಮೋ ಕುಸ್ತಿಯ ಪಟ್ಟುಗಳನ್ನು ಪ್ರಯೋಗಿಸಿ ನೋಡಿದರು, ಫಲಿಸಲಿಲ್ಲ. ಕೊನೆಗೆ ಗ್ರಂಥಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ವಿಷಯವಾಗಿ ಹುಡುಕಿದಾಗ, ಕುರುಬನು ಕುರಿಯನ್ನು ಹೆಗಲ ಮೇಲೆ ಅಡ್ಡಲಾಗಿ ಹೊರುವಂತೆ ಎದುರಾಳಿಯನ್ನು ಹೊತ್ತು ಉರುಳಿಸುವ ಪಟ್ಟೊಂದು ಕಣ್ಣಿಗೆ ಬಿತ್ತು. ಅದನ್ನು ಅಭ್ಯಾಸ ಮಾಡಿ ಆ ದೈತ್ಯನನ್ನು ಕೆಡಹಿದರು. ಇಂದಿಗೂ ಜೂಡೋದಲ್ಲಿ 'ಕಾತಾ ಗುರುಮಾ', ಎಂದರೆ ಭುಜಚಕ್ರ, ಎಂಬ ಹೆಸರಿನಿಂದ ಅದು ಪ್ರಚಲಿತವಾಗಿದೆ. ಪುಟವನ್ನು ಓದಿದ ಕಣ್ಣು ಸಾವಿರ ಬಾರಿ ಬಿದ್ದೆದ್ದ ದೇಹದಲ್ಲಿದ್ದ ಕಣ್ಣಾಗಿತ್ತು; ಆದುದರಿಂದಲೇ ಆ ಪುಟವು ಮಾತನಾಡಿತು. ಅದೇ ಪುಟವನ್ನು ಅದಕ್ಕೆ ಮೊದಲು ಎಷ್ಟು ಜನ ಮಗುಚಿಹಾಕಿದ್ದರೋ!

ಇನ್ನೊಂದು ಸಂಗತಿ. ಗುರುವಿನ ಮೌನಬೋಧನೆಯಿಂದ ಕಾನೋ ತೃಪ್ತರಾಗಲಿಲ್ಲ. ಎಸೆತವು ಏಕೆ ಸಾಧ್ಯವಾಗುತ್ತದೆಂಬುದನ್ನು ಮಾತಿನಲ್ಲಿ ಹೇಳಲೇಬೇಕೆಂದು ಅವರು ಚಿಂತಿಸಿ, ಮೊದಲು ಎದುರಾಳಿಯ ಸಮತೋಲವನ್ನು ಕದಲಿಸಬೇಕು, ಅನಂತರವೇ ಎಸೆಯಬೇಕೆಂಬ ತತ್ತ್ವವನ್ನು ಬೋಧನೆಯ ಆಧಾರವಾಗಿರಿಸಿದರು. ಇದನ್ನು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ನಮ್ಮಲ್ಲಿ ಗುರುಮಹಿಮೆಯನ್ನು ಕೊಂಡಾಡುವವರು ಅನೇಕ ವೇಳೆ ಪ್ರಶ್ನೆ ಕೇಳುವುದನ್ನೇ ಅವಿಧೇಯತೆಯೆಂದು ಎಣಿಸುತ್ತಾರೆ. ಪ್ರಶ್ನೆಯಿಲ್ಲದ ಅನುಭವಮಂಟಪವನ್ನು ಊಹಿಸಲಾದೀತೆ?

ಯುರೋಪಿನ ನಿದರ್ಶನವು ಇದಕ್ಕಿಂತ ಸ್ವಾರಸ್ಯಕರವಾದುದು. 14ನೆಯ ಶತಮಾನದಲ್ಲಿ ಜರ್ಮನ್ ಭಾಷೆಯ ಪ್ರದೇಶದಲ್ಲಿ ಯೋಹಾನೆಸ್ ಲೀಖ್ಟೆನಾವರ್ ಎಂಬ ಖಡ್ಗವಿದ್ಯಾಚಾರ್ಯನಿದ್ದನು. ತನ್ನ ವಿದ್ಯೆಯೆಲ್ಲವನ್ನೂ ಅವನು ಗೂಢವಾದ ಪದ್ಯಗಳಲ್ಲಿ ಅಡಗಿಸಿಟ್ಟನು. ಅಯೋಗ್ಯರಿಗೆ ಅರ್ಥವಾಗದಿರಲಿ, ಕಲಿತವನಿಗೆ ನೆನಪಿಗೆ ಆಸರೆಯಾಗಲಿ ಎಂಬುದು ಉದ್ದೇಶ. 15ನೆಯ ಶತಮಾನದಲ್ಲಿ ಆ ಪರಂಪರೆಯವರು ಅವಕ್ಕೆ ವ್ಯಾಖ್ಯಾನ ಬರೆದರು. ನಮಗೆ ಇದನ್ನು ಕೇಳಿದೊಡನೆ ಬೆಡಗಿನ ವಚನಗಳ ನೆನಪಾಗದಿರದು. ಅಲ್ಲಮಪ್ರಭುಗಳ ಬೆಡಗಿಗೆ ಟೀಕೆಗಳು ಹುಟ್ಟಿದುದೂ, 'ಶೂನ್ಯಸಂಪಾದನೆ'ಯಂತಹ ಗ್ರಂಥ ಸಂಕಲಿತವಾದುದೂ 15ನೆಯ ಶತಮಾನದಲ್ಲಿಯೇ. ಅಲ್ಲಿಯದು ಕತ್ತಿಯ ವಿದ್ಯೆ, ಇಲ್ಲಿಯದು ಆತ್ಮವಿದ್ಯೆ. ಎರಡರಲ್ಲಿಯೂ ಅಕ್ಷರವು ಬಲ್ಲವನ ಸನ್ನಿಧಿಯನ್ನು ಬೇಡುತ್ತದೆ.

ಆ ಖಡ್ಗವಿದ್ಯೆಯ ಜೀವಂತ ಪರಂಪರೆ ಕಾಲಾಂತರದಲ್ಲಿ ನಿಂತುಹೋಯಿತು. 20ನೆಯ ಶತಮಾನದ ಕೊನೆಯ ದಶಕದಿಂದೀಚೆಗೆ ಯುರೋಪ್ ಅಮೆರಿಕಗಳ ಆಸಕ್ತರು ಆ ಹಸ್ತಪ್ರತಿಗಳನ್ನೇ ಓದಿ ಅದನ್ನು ಮರಳಿ ಕಟ್ಟುವ ಸಾಹಸವನ್ನು ಕೈಗೊಂಡಿದ್ದಾರೆ. ಕಲಿಸುವವರು ಯಾರೂ ಇಲ್ಲದೆಡೆಯಲ್ಲಿ ಗ್ರಂಥವೊಂದೇ ಗುರುವಾಯಿತೆಂದು ಇದನ್ನು ಮುಂದೊಡ್ಡಬಹುದು. ಅವರು ಮಾಡಿದುದಾದರೂ ಏನು? ಒಂದೊಂದು ವಾಕ್ಯಕ್ಕೂ ಎರಡು ಮೂರು ಅರ್ಥಗಳನ್ನು ಹಚ್ಚಿ, ಮೊಂಡು ಕತ್ತಿಗಳನ್ನು ಹಿಡಿದು ಇಬ್ಬಿಬ್ಬರಾಗಿ ಸೆಣಸಿ, ಯಾವ ಅರ್ಥ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಪರೀಕ್ಷಿಸಿದರು. ಎದುರಾಳಿಯೇ ಅವರಿಗೆ ಗುರುಸ್ಥಾನದಲ್ಲಿ ನಿಂತನು. ಒಬ್ಬನೇ ಕೊಠಡಿಯಲ್ಲಿ ಕುಳಿತು ಓದಿದವನಿಂದ ಅಲ್ಲಿ ಏನೂ ಆಗಲಿಲ್ಲ.

ಇನ್ನು ಗುರುವಿನ ಪಕ್ಷದ ದೋಷವನ್ನೂ ಮರೆಮಾಚದೆ ನೋಡಬೇಕು. ಗರಡಿಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಏಕಲವ್ಯನಿಗೆ ದ್ರೋಣರು ಬಾಗಿಲು ಮುಚ್ಚಿದ ಕಥೆಯನ್ನು ನಾವು ಮಕ್ಕಳಿಗೆ ಗುರುಭಕ್ತಿಯ ಕಥೆಯಾಗಿ ಹೇಳುತ್ತೇವೆ. ಆ ಹೆಬ್ಬೆರಳಿನ ಕಡೆಯಿಂದ ಕಥೆ ಹೇಳುವುದು ಕಡಿಮೆ. ನಮ್ಮ ಸಾಂಪ್ರದಾಯಿಕ ಗರಡಿಗಳಿಗೆ ಹೆಣ್ಣುಮಕ್ಕಳ ಪ್ರವೇಶವಿರಲಿಲ್ಲ. ಬಾಗಿಲು ಮುಚ್ಚಿದ್ದೆಡೆಯಲ್ಲಿ ಪುಸ್ತಕವು ಕಿಟಕಿಯಂತೆ ಬಂತು. ಪುಸ್ತಕವು ಓದುವವನ ಕುಲವನ್ನು ಕೇಳುವುದಿಲ್ಲ, ಗಂಡೋ ಹೆಣ್ಣೋ ಎಂದು ನೋಡುವುದಿಲ್ಲ. ನಮ್ಮ ಸಮಾಜವೇ ಇದಕ್ಕೆ ಸಾಕ್ಷಿ. ಓಲೆಗರಿಗಳಲ್ಲಿ, ಕೆಲವೇ ಮನೆಗಳ ಜಗಲಿಯ ಗಂಟುಗಳಲ್ಲಿ ಕಟ್ಟಿಟ್ಟಿದ್ದ ವಚನಗಳನ್ನು ಫ. ಗು. ಹಳಕಟ್ಟಿಯವರು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಅನಂತರ 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನೂ ಆರಂಭಿಸಿದರು. ಅಚ್ಚಿನ ಪುಸ್ತಕವಿಲ್ಲದಿದ್ದರೆ ನಮ್ಮ ಪಾಲಿಗೆ ಎಷ್ಟು ವಚನಗಳು ಉಳಿಯುತ್ತಿದ್ದವು? ಗುರುಮುಖವೊಂದೇ ಮಾರ್ಗವೆಂದು ಹಠ ಹಿಡಿಯುವವರು ಈ ಋಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದಕ್ಕಿಂತಲೂ ಸೂಕ್ಷ್ಮವಾದ ಮಾತೊಂದಿದೆ. ದೇಹವಿದ್ಯೆಯನ್ನು ಕಲಿಸುವವನು ಶಿಷ್ಯರ ದೇಹವನ್ನು ಮುಟ್ಟಲೇಬೇಕು. ಮುಟ್ಟುವ ಅಧಿಕಾರವನ್ನು ಕೊಡುವುದು ವಿಶ್ವಾಸ. ಆ ವಿಶ್ವಾಸಕ್ಕೆ ದ್ರೋಹ ಬಗೆಯುವವರು ಇಲ್ಲವೆನ್ನುವಂತಿಲ್ಲ. 2023ರಲ್ಲಿ ದೇಶದ ಹೆಸರಾಂತ ಮಹಿಳಾ ಕುಸ್ತಿಪಟುಗಳೇ ಲೈಂಗಿಕ ಕಿರುಕುಳದ ದೂರನ್ನು ಹೊತ್ತು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತುದನ್ನು ತಾವೆಲ್ಲರೂ ಕಂಡಿದ್ದೀರಿ. ದೇಶಕ್ಕೆ ಪದಕ ತಂದವರೇ ಬೀದಿಗೆ ಬರಬೇಕಾಯಿತೆಂದರೆ, ಹಳ್ಳಿಯ ಬಾಲಕಿಯ ತಾಯಿತಂದೆಗಳು ಅಂಜುವುದರಲ್ಲಿ ಅಸಹಜವೇನಿದೆ? ಪುಸ್ತಕವು ಕಲಿಸಲಾರದಿದ್ದರೂ ಕೆಡುಕು ಮಾಡದು ಎಂಬ ಅವರ ಭಾವನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗುರುವೆಂಬ ಹೆಸರನ್ನು ಹೊತ್ತ ಮಾತ್ರಕ್ಕೆ ಯಾರೂ ಗುರುವಾಗುವುದಿಲ್ಲವೆಂದು ಶರಣರು ನಿಷ್ಠುರವಾಗಿ ಹೇಳಿದವರು. ಅಯೋಗ್ಯ ಗುರುವನ್ನು ತ್ಯಜಿಸುವ ಧೈರ್ಯವನ್ನೂ ಕೊಟ್ಟವರು. ಹುಡುಗಿಯರಿಗೆ ಹೆಣ್ಣುಮಕ್ಕಳೇ ಶಿಕ್ಷಕಿಯರಾಗಿರುವುದು, ಕಲಿಸುವ ಜಾಗಕ್ಕೆ ನಾಲ್ವರ ಕಣ್ಣು ಬೀಳುವಂತಿರುವುದು, ದೂರು ಹೇಳಿದ ಮಗುವಿನ ಮಾತನ್ನು ಮೊದಲು ನಂಬುವುದು ಇವು ಗುರುನಿಂದೆಯಲ್ಲ.

ಹಾಗಾದರೆ ಹೆಣ್ಣುಮಕ್ಕಳ ಕೈಗೆ ಪುಸ್ತಕವನ್ನೇ ಕೊಟ್ಟು ಸುಮ್ಮನಿರಬಹುದೇ? ಇಲ್ಲಿ ಊಹೆಯ ಅಗತ್ಯವಿಲ್ಲ, ಪರೀಕ್ಷೆಯೇ ನಡೆದಿದೆ. ಕೆನಡಾ ದೇಶದ ಮೂರು ವಿಶ್ವವಿದ್ಯಾಲಯಗಳಲ್ಲಿ 893 ಮಂದಿ ಪ್ರಥಮ ವರ್ಷದ ವಿದ್ಯಾರ್ಥಿನಿಯರನ್ನು ಎರಡು ಗುಂಪುಗಳಾಗಿ ಮಾಡಿ ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನಂತೆ ಮಾಹಿತಿಯ ಕಿರುಹೊತ್ತಗೆಗಳು. ಇನ್ನೊಂದು ಗುಂಪಿಗೆ ತಲಾ ಮೂರು ಗಂಟೆಗಳ ನಾಲ್ಕು ತರಗತಿಗಳು. ಒಂದು ವರ್ಷದ ಅವಧಿಯಲ್ಲಿ ಬಲಾತ್ಕಾರಕ್ಕೆ ಒಳಗಾದವರ ಪ್ರಮಾಣ ಹೊತ್ತಗೆಯ ಗುಂಪಿನಲ್ಲಿ ಶೇಕಡಾ 9.8, ತರಗತಿಯ ಗುಂಪಿನಲ್ಲಿ ಶೇಕಡಾ 5.2. ಅಪರಾಧದ ಹೊಣೆ ಅಪರಾಧಿಯದೇ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹನ್ನೆರಡು ಗಂಟೆಗಳ ಮುಖಾಮುಖಿ ಪಾಠವು ಇಷ್ಟನ್ನು ಮಾಡಿತು.

ಈ ತರಗತಿಗಳಲ್ಲಿ ಕೇವಲ ಹೊಡೆತ ಒದೆತಗಳನ್ನು ಕಲಿಸಿದರೆಂದು ತಿಳಿಯಬೇಡಿ. ಅಪಾಯವು ಬಹಳ ವೇಳೆ ಪರಿಚಿತರಿಂದಲೇ ಬರುತ್ತದೆಂಬುದನ್ನು ಗುರುತಿಸುವುದು, ಪರಿಚಿತನನ್ನು ನೋಯಿಸಬಾರದೆಂಬ ಸಂಕೋಚವನ್ನು ದಾಟುವುದು, ದನಿಯೆತ್ತಿ 'ಬೇಡ' ಎನ್ನುವುದು ಇವೂ ಪಾಠದ ಭಾಗವಾಗಿದ್ದವು. ಕೊನೆಯದನ್ನು ಗಮನಿಸಿ. 'ಬೇಡ' ಎಂಬ ಪದವನ್ನು ಯಾವ ಪುಸ್ತಕದಿಂದಲೂ ಓದಿಕೊಳ್ಳಬಹುದು. ಚಿಕ್ಕಂದಿನಿಂದ ಮೆಲ್ಲಗೆ ಮಾತನಾಡು, ತಲೆ ತಗ್ಗಿಸು ಎಂದು ಬೆಳೆಸಲ್ಪಟ್ಟ ಹುಡುಗಿಯ ಗಂಟಲಿನಿಂದ ಆ ಪದವು ಗಟ್ಟಿಯಾಗಿ ಹೊರಡಬೇಕಾದರೆ, ಇನ್ನೊಬ್ಬಳು ಎದುರಿಗೆ ನಿಂತು 'ಇನ್ನೂ ಗಟ್ಟಿಯಾಗಿ' ಎನ್ನಬೇಕಾಗುತ್ತದೆ. ನಮ್ಮ ದೇಶದಲ್ಲಿಯೂ ಸರಕಾರಿ ಶಾಲೆಗಳ 6ರಿಂದ 12ನೆಯ ತರಗತಿಯ ಹೆಣ್ಣುಮಕ್ಕಳಿಗಾಗಿ ರಾಣಿ ಲಕ್ಷ್ಮೀಬಾಯಿಯವರ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣಾ ತರಬೇತಿಯ ಯೋಜನೆಯಿದೆ. ತಮ್ಮೂರಿನ ಶಾಲೆಯಲ್ಲಿ ಅದು ನಡೆಯುತ್ತಿದೆಯೇ ಎಂದು ಒಮ್ಮೆ ವಿಚಾರಿಸಿರಿ.

ಇಲ್ಲಿಯವರೆಗೆ ಕಲಿಯುವ ಬಗೆಯನ್ನು ಕುರಿತು ಹೇಳಿದೆ. ತಡೆಯುವ ಬಗೆಯು ಅದಕ್ಕಿಂತಲೂ ಕಠಿನವಾದುದು. ಪುಸ್ತಕವು ತನ್ನನ್ನು ಕೊಂಡ ಯಾರಿಗಾದರೂ ತೆರೆದುಕೊಳ್ಳುತ್ತದೆ. 'ನೀನು ಇನ್ನೂ ಇದಕ್ಕೆ ಯೋಗ್ಯನಲ್ಲ' ಎಂದು ಹೇಳಲಾರದು. ಹಳೆಯ ವಸ್ತಾದರು ಹುಡುಗನ ಬಲವನ್ನು ನೋಡುವುದಕ್ಕೆ ಮೊದಲು ಅವನ ಸಿಟ್ಟನ್ನು ನೋಡುತ್ತಿದ್ದರು. ಸೋತಾಗ ಏನು ಮಾಡುತ್ತಾನೆ, ತನಗಿಂತ ಚಿಕ್ಕವನ ಜೊತೆ ಹೇಗೆ ಆಡುತ್ತಾನೆ ಎಂಬುದನ್ನು ತಿಂಗಳುಗಟ್ಟಲೆ ಗಮನಿಸಿಯೇ ಅಪಾಯಕರವಾದ ಪಟ್ಟುಗಳನ್ನು ಬಿಟ್ಟುಕೊಡುತ್ತಿದ್ದರು. ಮೈಸೂರಿನ ದಸರೆಯಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ತಾವು ಕೇಳಿ ಬಲ್ಲಿರಿ. ನೋಡಲು ಭಯಂಕರ; ಆದರೆ ಒಬ್ಬನ ನೆತ್ತಿಯಲ್ಲಿ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದೂ ವಿದ್ಯೆಯ ಒಳಗೇ ಸೇರಿದೆ.

ನಮ್ಮ ಪಂಚಾಚಾರಗಳಲ್ಲಿ ಗಣಾಚಾರವಿದೆ, ಭೃತ್ಯಾಚಾರವೂ ಇದೆ. ಅನ್ಯಾಯವನ್ನು ಕಂಡು ಸಹಿಸಿ ಸುಮ್ಮನಿರಬಾರದೆಂಬುದು ಒಂದು. ತಾನು ಎಲ್ಲರಿಗಿಂತ ಕಿರಿಯನೆಂದು ನಡೆಯಬೇಕೆಂಬುದು ಇನ್ನೊಂದು. ಎರಡನ್ನೂ ಒಂದೇ ದೇಹದಲ್ಲಿ ಇಟ್ಟುಕೊಳ್ಳುವುದು ಹೇಗೆ? ತಮ್ಮ ಆಕಳುಗಳನ್ನು ಕಳ್ಳರು ಒಯ್ದುದನ್ನು ಬಸವಣ್ಣನವರು ದೊಡ್ಡದು ಮಾಡಲಿಲ್ಲವೆಂಬುದನ್ನು ನಾವು ಮೆಚ್ಚಿ ಹೇಳುತ್ತೇವೆ. ಆಕಳು ತನ್ನದು, ಬಿಟ್ಟುಕೊಡಬಹುದು. ನೆರೆಮನೆಯ ಮಗುವಿನ ಮೇಲೆ ಕೈಮಾಡಲು ಬಂದವನಿಗೆ ದಾರಿ ಬಿಟ್ಟುಕೊಡುವ ಅಧಿಕಾರ ನನಗಿಲ್ಲ. ಈ ವ್ಯತ್ಯಾಸವನ್ನು ಕ್ಷಣಾರ್ಧದಲ್ಲಿ ತಿಳಿದು, ಬೇಕಾದಷ್ಟೇ ಬಲವನ್ನು ಬಳಸಿ, ಎದುರಾಳಿ ಬಿದ್ದೊಡನೆ ಕೈ ಹಿಂದೆಗೆಯುವ ಶಿಕ್ಷಣ ಓದಿನಿಂದ ಆಗುವುದು ಕಷ್ಟ. ತಿರುಗಿ ಹೊಡೆಯದೆ ಸುಮ್ಮನೆ ನಿಲ್ಲುವ ಶಕ್ತಿವಂತನೊಬ್ಬನನ್ನು ಕಣ್ಣೆದುರಿಗೆ ಕಂಡವನಿಗೆ ಅದು ಹತ್ತುತ್ತದೆ.

ಹಾಗೆಂದು ಓದದೆಯೇ ಇರಲಾಗದ ಒಂದು ಪುಸ್ತಕವೂ ಇದೆಯೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ನಿರೂಪಿಸುತ್ತವೆ. ಹಿಂದಿನ ದಂಡಸಂಹಿತೆಯಲ್ಲಿ ಇವು 96ರಿಂದ 106ರವರೆಗಿನ ಕಲಮುಗಳಾಗಿದ್ದವು. ತನ್ನ ದೇಹವನ್ನು ಮಾತ್ರವಲ್ಲ, ಇತರರ ದೇಹವನ್ನು ರಕ್ಷಿಸುವ ಹಕ್ಕೂ ಪ್ರಜೆಗಿದೆ. ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವ ಹಕ್ಕಿಲ್ಲ, ಅಧಿಕಾರಿಗಳ ರಕ್ಷಣೆಯನ್ನು ಕೋರಲು ಕಾಲಾವಕಾಶವಿದ್ದಾಗ ಆ ಹಕ್ಕು ಇರುವುದಿಲ್ಲ. ಎಷ್ಟು ನುರಿತ ವಸ್ತಾದನಾದರೂ ಇದನ್ನು ಕಣದಲ್ಲಿ ಕಲಿಸಲಾರ. ಇದನ್ನು ಕುಳಿತು ಓದಿಯೇ ತಿಳಿಯಬೇಕು.

ಒನಕೆ ಓಬವ್ವನ ಹೆಸರನ್ನು ಎತ್ತಿ, ಆಕೆಗೆ ಯಾವ ಗುರುವಿದ್ದ, ಯಾವ ಗ್ರಂಥವಿತ್ತು ಎಂದು ಕೆಲವರು ಕೇಳುವುದುಂಟು. ಹೈದರಾಲಿಯ ಸೈನ್ಯ ಚಿತ್ರದುರ್ಗವನ್ನು ಮುತ್ತಿದಾಗ ಕಿಂಡಿಯಿಂದ ನುಸುಳಿದವರನ್ನು ಆಕೆ ಒನಕೆಯಿಂದ ಹೊಡೆದಳೆಂಬುದು ನಾಡು ನೆನೆಯುವ ಕಥೆ. ಒನಕೆಯು ಆಕೆಗೆ ಆಯುಧವಾಗಿ ಅಂದೇ ದೊರೆತುದಲ್ಲ. ಭತ್ತ ಕುಟ್ಟುವ ಹೆಂಗಸಿನ ಕೈಗೆ ಅದರ ಭಾರ, ಅದನ್ನು ಎತ್ತುವ ಲಯ, ಇಳಿಸುವ ಗುರಿ ಇವು ವರ್ಷಗಳ ನಿತ್ಯದ ದುಡಿಮೆಯಿಂದ ಕರಗತವಾಗಿದ್ದವು. ಅದನ್ನು ಮೊದಲು ಹಿಡಿಯಲು ಕಲಿಸಿದವಳು ಆಕೆಯ ತಾಯಿಯೋ ಅಜ್ಜಿಯೋ ಆಗಿದ್ದಿರಬೇಕು. ಗುರುವೆಂದರೆ ಪೀಠದ ಮೇಲೆ ಕುಳಿತವನೇ ಆಗಬೇಕೆಂದೇನೂ ಇಲ್ಲವಷ್ಟೆ.

ಕಲ್ಯಾಣಕ್ರಾಂತಿಯ ಅನಂತರ ಶರಣರು ಉಳವಿಯ ಕಡೆಗೆ ಸಾಗಿದ ಪ್ರಸಂಗವನ್ನು ನಮ್ಮ ಪರಂಪರೆ ಹೀಗೆ ಹೇಳುತ್ತದೆ: ಮುಂದೆ ವಚನದ ಕಟ್ಟುಗಳು, ಹಿಂದೆ ಬೆನ್ನಟ್ಟಿದ ಸೈನ್ಯ, ನಡುವೆ ಮಡಿವಾಳ ಮಾಚಿದೇವರಂತಹ ವೀರಶರಣರು. ಆ ಓಲೆಗರಿಗಳು ತಮ್ಮನ್ನು ತಾವು ಕಾಪಾಡಿಕೊಳ್ಳಲಾರವು. ಬಟ್ಟೆಯನ್ನು ಬಂಡೆಗೆ ಬಡಿದು ಬಡಿದು ಗಟ್ಟಿಯಾಗಿದ್ದ ತೋಳುಗಳು ಅವುಗಳ ಬೆನ್ನಿಗೆ ನಿಂತವು. ಗ್ರಂಥ ಮೇಲೋ, ಗುರುವಿನಿಂದ ಬಂದ ದೇಹಬಲ ಮೇಲೋ ಎಂಬ ವಾದವನ್ನು ಆ ದಾರಿಯಲ್ಲಿ ಯಾರಾದರೂ ಹೂಡಿದ್ದರೆ ಮಾಚಿದೇವರು ಏನೆನ್ನುತ್ತಿದ್ದರೋ ತಿಳಿಯದು.

ಕಾನೋ ಅವರು 1882ರಲ್ಲಿ ತಮ್ಮ ಕೊಡೋಕಾನ್ ಶಾಲೆಯನ್ನು ಆರಂಭಿಸಿದುದು ಟೋಕಿಯೋದ ಒಂದು ಬೌದ್ಧ ದೇವಾಲಯದಲ್ಲಿ. ಆಗ ಇದ್ದುದು ಹನ್ನೆರಡು ಚಾಪೆಗಳಷ್ಟು ಸ್ಥಳ, ಬೆರಳೆಣಿಕೆಯ ಶಿಷ್ಯರು. ಅಷ್ಟು ಸ್ಥಳ ನಮ್ಮ ಯಾವ ಶಾಖಾಮಠದ ಅಂಗಳದಲ್ಲಿ ಇಲ್ಲ? ತಮ್ಮೂರಿನ ತಾಲೀಮು ಮನೆ ಈಗ ಗೊಬ್ಬರದ ಗೋದಾಮಾಗಿದ್ದರೂ ಆಗಿರಬಹುದು. ಆದರೆ ಅಲ್ಲಿ ಪಟ್ಟು ಹೇಳಿಕೊಡುತ್ತಿದ್ದ ವಸ್ತಾದರೊಬ್ಬರು ಎಪ್ಪತ್ತು ಎಂಬತ್ತು ವರ್ಷದವರಾಗಿ ಯಾವುದೋ ಕಟ್ಟೆಯ ಮೇಲೆ ಇನ್ನೂ ಕುಳಿತಿರುವ ಸಂಭವವಿದೆ. ಈ ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಒಂದು ನೋಟುಪುಸ್ತಕವನ್ನೂ ಇಬ್ಬರು ಮೊಮ್ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಅವರ ಬಳಿಗೆ ಹೋಗಿರಿ. ಮೊಮ್ಮಗನ ಜೊತೆ ಮೊಮ್ಮಗಳೂ ಇರಲಿ. ಅಜ್ಜ ಹೇಳುವ ಪಟ್ಟುಗಳ ಹೆಸರನ್ನು ತಾವು ಬರೆದುಕೊಳ್ಳಿರಿ. ಮಕ್ಕಳು ಚಪ್ಪಲಿ ಬಿಟ್ಟು ಮಣ್ಣಿಗಿಳಿಯಲಿ.